ಮನೆವಾರ್ತೆ: ಅಂಗಳದ ಪಡಿ

ಪತ್ತನಾಜೆ ಸಮೀಪಿಸಿತೆಂದರೆ ನಮ್ಮ ಸೀಮೆಯ ಗೃಹಸ್ಥನಿಗೆ ಬಿಡುವೆಂಬುದಿಲ್ಲ. ಮಾಡಿನ ಒಡೆದ ಹಂಚುಗಳನ್ನು ಬದಲಿಸಬೇಕು. ಸೌದೆಯನ್ನು ಒಳಗೆ ಹಾಕಬೇಕು. ಅಂಗಳದ ನೀರು ಹರಿದುಹೋಗುವಂತೆ ಕಣಿಯನ್ನು ತೋಡಬೇಕು. ಈ ಕೆಲಸಗಳ ಪಟ್ಟಿಯಲ್ಲಿ ಕಟ್ಟಕಡೆಗೆ ಬರುವುದು, ಅನೇಕ ಮನೆಗಳಲ್ಲಿ ಬಾರದೆಯೇ ಉಳಿಯುವುದು, ಪಾಗಾರದ ಮರದ ಪಡಿ. ಈಗಿನವರು ಅದನ್ನು ಗೇಟೆಂದು ಕರೆಯುವರು. ಹೆಸರು ಯಾವುದಾದರೂ ಆಗಲಿ, ಅದನ್ನು ಮಾಡಿಸುವ ಮತ್ತು ನಿಲ್ಲಿಸುವ ಕ್ರಮವನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಮ್ಮ ಮನಸ್ಸಿಗೆ ಬಂದಿದೆ. ಅದಕ್ಕೆ ಕಾರಣವೂ ಉಂಟು.

ಶಿರ್ವದಿಂದ ಬೆಳ್ಮಣಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಗೆ ಕೆಲವು ವರ್ಷಗಳ ಹಿಂದೆ ಹೊಸದೊಂದು ಪಡಿಯನ್ನು ಮಾಡಿಸಿದೆವು. ಹಿತ್ತಿಲಿನಲ್ಲಿ ಬಿದ್ದ ಹಲಸಿನ ಮರದ ಹಲಗೆಗಳು. ಅಳತೆಯನ್ನು ಹೇಳಿದವರು ನಾವೇ. ಬೇಸಗೆಯಲ್ಲಿ ಅದು ಕಿರುಬೆರಳಿನಿಂದ ನೂಕಿದರೂ ತಿರುಗುತ್ತಿತ್ತು. ಬಂದವರೆಲ್ಲ ಹೊಗಳಿದರು, ನಾವೂ ಹಿಗ್ಗಿದೆವು. ಮಳೆ ಹಿಡಿದು ಹದಿನೈದು ದಿನಗಳಾಗುವಷ್ಟರಲ್ಲಿ ಅದರ ಮೂಲೆ ಕೆಳಗಿಳಿದು ನೆಲವನ್ನು ಕೆರೆಯತೊಡಗಿತು. ಮುಚ್ಚುವಾಗಲೆಲ್ಲ ಕೈಯಿಂದ ಎತ್ತಬೇಕಾಯಿತು. ಎತ್ತಿ ಮುಚ್ಚಬೇಕಾದ ಪಡಿಯನ್ನು ಎರಡು ದಿನ ಮುಚ್ಚುವರು, ಮೂರನೆಯ ದಿನ ಮುಚ್ಚುವುದಿಲ್ಲ. ಹೀಗಿರಲು ಒಂದು ರಾತ್ರಿ ನಮ್ಮ ಹಸು ಹಗ್ಗ ಕಳಚಿಕೊಂಡು, ಅರೆತೆರೆದ ಪಡಿಯಿಂದ ಹೊರಬಿದ್ದು, ನೆರೆಮನೆಯವರ ನೇಜಿಯ ಗದ್ದೆಗೆ ಇಳಿಯಿತು. ಏಣಿಲು ಬೆಳೆಗೆಂದು ಅವರು ಹಾಕಿದ್ದ ನೇಜಿಯಲ್ಲಿ ಅರ್ಧ ಪಾಲು ಬೆಳಗಾಗುವಾಗ ಉಳಿದಿರಲಿಲ್ಲ.

ನೇಜಿಯ ಬೆಲೆಯನ್ನು ಬೇಸಾಯಗಾರರಿಗೆ ನಾವು ಹೇಳಬೇಕಾದುದಿಲ್ಲ. ಮತ್ತೆ ಬಿತ್ತಿದರೆ ಮೂರು ವಾರಗಳು ಹಿಂದೆ ಬೀಳುವುದು. ಅಷ್ಟರಲ್ಲಿ ನೆಡುವ ಹದ ತಪ್ಪುವುದು. ನೆರೆಯವರು ಮುಂಜಾನೆ ಬಂದರು. ಬೈಯಲಿಲ್ಲ. ನಮ್ಮ ಪಡಿಯ ತುದಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಮೆಲ್ಲನೆ ಬಿಟ್ಟು, “ಇದು ದನದ ತಪ್ಪಲ್ಲ” ಎಂದಷ್ಟೇ ಹೇಳಿ ಹಿಂದಿರುಗಿದರು. ನಮ್ಮ ನೇಜಿಯನ್ನು ಅವರ ಗದ್ದೆಗೆ ಕೊಟ್ಟೆವು; ಆ ವರ್ಷ ನಮ್ಮದೊಂದು ಗದ್ದೆ ಹಡಿಲು ಬಿದ್ದಿತು. ಆದರೆ ಆ ಒಂದು ಮಾತು ನಮ್ಮನ್ನು ಬಹಳ ದಿನ ಚುಚ್ಚುತ್ತಿತ್ತು. ತಪ್ಪು ಎಲ್ಲಿತ್ತೆಂಬುದನ್ನು ಮುಪ್ಪಿನ ಆಚಾರಿಯೊಬ್ಬರನ್ನು ಕರೆಯಿಸಿ ಕೇಳಿದೆವು. ಅವರಿಂದ ಕಲಿತದ್ದನ್ನೂ ಆಮೇಲೆ ನಾವೇ ಮಾಡಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿರುವೆವು.

ನಮ್ಮ ಹಿರಿಯರು ಈ ತೊಂದರೆಗೆ ಅಷ್ಟಾಗಿ ಸಿಕ್ಕಿಕೊಳ್ಳಲಿಲ್ಲ; ಏಕೆಂದರೆ ಸಾಮಾನ್ಯರ ಮನೆಗಳ ಬೇಲಿಯಲ್ಲಿ ತೂಗುವ ಪಡಿಯೇ ವಿರಳ. ಕಾಲ್ದಾರಿ ಬರುವಲ್ಲಿ ತಡಮೆಯಿರುತ್ತಿತ್ತು: ಮಣ್ಣಿನ ಪಾಗಾರದ ನಡುವೆ ಇಕ್ಕಟ್ಟಾದ ಒಂದು ಸಂದು, ಅದಕ್ಕೆ ಮೊಣಕಾಲೆತ್ತರದ ಒಂದು ಅಡ್ಡಮರ ಅಥವಾ ಕಲ್ಲು. ಮನುಷ್ಯನು ಕಾಲೆತ್ತಿ ದಾಟುವನು, ದನವು ದಾಟಲಾರದು. ಗಾಡಿ ಹೋಗುವಲ್ಲಿ ಉಣುಗೋಲು: ಎರಡು ಕಂಬಗಳಿಗೆ ತೂತುಗಳನ್ನು ಕೊರೆದು ಮೂರು ನಾಲ್ಕು ಗಳುಗಳನ್ನು ಅಡ್ಡ ಹಾಯಿಸುವುದು. ಉತ್ತರ ಕನ್ನಡದ ಕಡೆ ಇದಕ್ಕೆ ದಣಪೆಯೆಂಬ ಹೆಸರುಂಟು. ಇವೆರಡರಲ್ಲಿಯೂ ತಿರುಗುವ ಕೀಲಿಲ್ಲ, ಜೋಲುವ ಭಾರವಿಲ್ಲ. ಆದಕಾರಣ ಕೆಡುವುದಕ್ಕೂ ಹೆಚ್ಚೇನಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸತಕ್ಕದ್ದು. ತಡಮೆಯು ದನವನ್ನು ತಡೆಯಿತೇ ಹೊರತು ಮನುಷ್ಯನನ್ನು ತಡೆಯಲಿಲ್ಲ. ಇಂದು ಊರೂರಿನಲ್ಲಿ ಏಳುತ್ತಿರುವ ಆಳೆತ್ತರದ ತಗಡಿನ ಗೇಟುಗಳ ಎದುರು ನಿಂತವರಿಗೆ ಈ ವ್ಯತ್ಯಾಸವು ತಾನಾಗಿ ತಿಳಿಯುವುದು.

ಆದರೂ ಮುದುಕರಿರುವ ಮನೆಗೆ ತಡಮೆ ಒಗ್ಗದು. ಸ್ಕೂಟರು ಬರುವ ಮನೆಗೆ ಅದು ಸಾಲದು. ತೂಗುವ ಪಡಿಯೇ ಬೇಕೆಂದಾದರೆ, ಹಲಗೆಯನ್ನು ಕೊಯ್ಯಿಸುವ ಮೊದಲು ಅದರ ಮೂಲಕ ಯಾರು ಯಾರು ಬರುವರೆಂಬುದನ್ನು ಎಣಿಸಿಕೊಳ್ಳಬೇಕು. ಕಾಪುವಿನ ಕಡೆಯಿಂದ ಮೀನಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುವವಳು ಬಗ್ಗಲಾರಳು; ಅವಳ ಒಂದು ಕೈ ಬುಟ್ಟಿಗೆ ಮೀಸಲು. ಆಟಿ ತಿಂಗಳಿನಲ್ಲಿ ಬರುವ ಕಳಂಜನ ಕೈಯಲ್ಲಿ ತಾಳೆಗರಿಯ ಕೊಡೆಯಿರುವುದು. ಶಾಲೆಯ ಮಗುವಿನ ಬೆನ್ನಿನಲ್ಲಿ ಚೀಲ. ಇವರೆಲ್ಲರಿಗೂ ಒಪ್ಪುವ ಪಡಿಯು ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರವಿದ್ದರೆ ಸಾಕು. ಮೇಲೆ ಅಡ್ಡತೊಲೆ ಬೇಡ. ಬುಟ್ಟಿಯೂ ಕೊಡೆಯೂ ನಿರಾತಂಕವಾಗಿ ಸಾಗುವುವು. ಚಿಲಕವು ಸೊಂಟದ ಎತ್ತರದಲ್ಲಿದ್ದು ಎರಡು ಕಡೆಯಿಂದಲೂ ಒಂದೇ ಕೈಯಿಂದ ತೆಗೆಯುವಂತಿರಬೇಕು.

ಇನ್ನು ಮರದ ವಿಚಾರ. ಉಡುಪಿ ಮತ್ತು ಕಾರ್ಕಳದ ಸುತ್ತ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವುದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮನೆಯೊಳಗಿನ ಬಾಗಿಲಿಗೆ ಒಪ್ಪುವ ಮರವೆಲ್ಲ ಇಂಥ ಮಳೆಯಲ್ಲಿ ನಿಲ್ಲಲಾರದು. ಮಣ್ಣಿನಲ್ಲಿ ಹೂಳುವ ಕಂಬಕ್ಕೆ ಕಿರಾಲುಬೋಗಿಗೆ ಸಮನಾದುದು ನಮ್ಮಲ್ಲಿ ಕಡಿಮೆ. ಗೆದ್ದಲು ಅದನ್ನು ಸುಲಭವಾಗಿ ಮುಟ್ಟದು. ರೈಲುದಾರಿಯ ಅಡ್ಡಮರಗಳಿಗೂ ಅದನ್ನು ಬಳಸುತ್ತಿದ್ದರು. ಪಡಿಗೆ ಹಲಸು ಒಳ್ಳೆಯದು, ದೋಣಿ ಕಟ್ಟುವವರು ಮೆಚ್ಚುವ ಹೆಬ್ಬಲಸು ಇನ್ನೂ ಒಳ್ಳೆಯದು. ಆದರೆ ಹಲಸಿನಲ್ಲಿ ಹಳದಿಯ ಕೆಚ್ಚನ್ನು ಮಾತ್ರ ಆರಿಸಿಕೊಂಡು, ಹೊರಗಿನ ಬಿಳಿಯ ಭಾಗವನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು. ಗೆದ್ದಲಿಗೆ ಊಟ ಬಡಿಸುವುದು ಆ ಬಿಳಿಯ ಭಾಗವೇ. ಮಾವಿನ ಹಲಗೆ ಅಗ್ಗವೆಂದು ತಂದರೆ ಮೂರು ಮಳೆಗಾಲಗಳಲ್ಲಿ ಮತ್ತೆ ಆಚಾರಿಯನ್ನು ಕರೆಯಬೇಕಾಗುವುದು. ಹಿತ್ತಿಲಿನ ಮರವೇ ಆದರೂ ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಲೇಸು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಅನೇಕ ಜಾತಿಯ ಮರಗಳಿಗೆ ಅನುಮತಿ ಬೇಕು.

ಕೊಯ್ದ ಹಲಗೆಯನ್ನು ನೆರಳಿನಲ್ಲಿ, ನಡುವೆ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿ, ಒಂದಂಗುಲ ದಪ್ಪಕ್ಕೆ ಒಂದು ವರ್ಷದಂತೆ ಒಣಗಿಸುವುದು ಹಳೆಯ ಪದ್ಧತಿ. ಒಣಗಿದ ಮರವೂ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು. ಉಬ್ಬುವುದು ಅಗಲದಲ್ಲಿ, ಉದ್ದದಲ್ಲಿ ಅಲ್ಲವೆಂದೇ ಹೇಳಬಹುದು. ನಾಲ್ಕಂಗುಲದ ಹಲಗೆಯು ಏಪ್ರಿಲಿನಿಂದ ಜುಲೈಗೆ ಒಂದು ನೂಲಿನಷ್ಟು ಬೆಳೆದರೆ ಆಶ್ಚರ್ಯವಿಲ್ಲ. ಬೇಸಗೆಯಲ್ಲಿ ಹಲಗೆಗಳನ್ನು ಸಂದಿಲ್ಲದೆ ಜೋಡಿಸಿದವನ ಪಡಿಯು ಆಟಿಯಲ್ಲಿ ಒಂದನ್ನೊಂದು ನೂಕಿ ಸೊಟ್ಟಗಾಗುವುದು ಇದರಿಂದಲೇ. ಆದುದರಿಂದ ಹಲಗೆಗಳ ನಡುವೆ ಅರ್ಧ ಅಂಗುಲ, ಚಿಲಕದ ಕಡೆಯ ಕಂಬಕ್ಕೂ ಪಡಿಗೂ ನಡುವೆ ಅರ್ಧ ಅಂಗುಲ, ನೆಲಕ್ಕೂ ಪಡಿಗೂ ನಡುವೆ ಮೂರು ಅಂಗುಲ ಎಡೆ ಬಿಡತಕ್ಕದ್ದು. ಕೋಳಿಮರಿಗಳು ನುಸುಳುವುವೆಂಬ ಚಿಂತೆಯಿದ್ದರೆ ಕೆಳಗೆ ಮುರಕಲ್ಲಿನ ಒಂದು ಹೊಸ್ತಿಲನ್ನು ಇಡಬಹುದು.

ಕಂಬವು ಕೆಡುವುದು ತುದಿಯಲ್ಲಿಯೂ ಅಲ್ಲ, ಬುಡದ ಆಳದಲ್ಲಿಯೂ ಅಲ್ಲ. ಮಣ್ಣೂ ಗಾಳಿಯೂ ಕೂಡುವ ನೆಲಮಟ್ಟದಲ್ಲಿ. ನೀರೂ ಗಾಳಿಯೂ ಒಟ್ಟಿಗೆ ದೊರೆಯುವಲ್ಲಿ ಮರವನ್ನು ತಿನ್ನುವ ಶಿಲೀಂಧ್ರಕ್ಕೆ ಬಾಳು ಸುಖ. ಏಳು ಅಡಿಯ ಕಂಬದಲ್ಲಿ ಎರಡೂವರೆ ಅಡಿ ನೆಲದೊಳಗೆ ಹೋಗಲಿ. ಕುಳಿಯ ತಳದಲ್ಲಿ ಅರ್ಧ ಅಡಿ ಜಲ್ಲಿಯನ್ನು ತುಂಬಿ ಅದರ ಮೇಲೆ ಕಂಬವನ್ನು ನಿಲ್ಲಿಸಬೇಕು. ಇಳಿದ ನೀರು ಜಲ್ಲಿಯಲ್ಲಿ ಬಸಿದುಹೋಗುವುದು. ಕೆಲವರು ಭದ್ರವಾಗಲೆಂದು ತಳಕ್ಕೂ ಸುತ್ತಲಿಗೂ ಸಿಮೆಂಟನ್ನು ಸುರಿಯುವರು. ಅದು ಕಂಬಕ್ಕೆ ಕಟ್ಟಿದ ಬಾವಿಯಾಗುವುದು. ಒಳಗಿಳಿದ ನೀರಿಗೆ ಹೊರದಾರಿಯಿಲ್ಲ. ಸಿಮೆಂಟು ಬೇಕೆಂದಾದರೆ ಸುತ್ತಲೂ ಮಾತ್ರ ಹಾಕಿ, ತಳವನ್ನು ತೆರೆದಿಟ್ಟು, ಮೇಲ್ಭಾಗವನ್ನು ಹೊರಕ್ಕೆ ಇಳಿಜಾರು ಮಾಡಬೇಕು. ಇಷ್ಟೆಲ್ಲ ಯೋಚನೆಯೇ ಬೇಡವೆಂಬವರಿಗೆ ಕಲ್ಲಿನ ಕಂಬವುಂಟು. ಕಾರ್ಕಳದ ಗೊಮ್ಮಟನು 1432ರಿಂದ ಬಯಲಿನಲ್ಲಿ ಮಳೆಗೆ ನೆನೆಯುತ್ತ ನಿಂತಿರುವನು. ನಲವತ್ತೆರಡು ಅಡಿಯ ಅವನನ್ನು ತಾಳಿದ ಕಲ್ಲಿನ ಜಾತಿಗೆ ನಮ್ಮ ನಾಲ್ಕು ಅಡಿಯ ಪಡಿ ಯಾವ ಲೆಕ್ಕ? ಆದರೆ ಕಲ್ಲಿನಲ್ಲಿ ಮೊಳೆ ಹೊಡೆಯಲಾಗದು. ಕೆಳಗೆ ಕುಳಿಗಲ್ಲೊಂದನ್ನಿಟ್ಟು, ಮೇಲೆ ಕಂಬಕ್ಕೆ ಲೋಹದ ಬಳೆಯನ್ನು ಬಿಗಿದು, ಪಡಿಯ ತಿರುಗಣಿಯನ್ನು ಅವೆರಡರ ನಡುವೆ ನಿಲ್ಲಿಸಬೇಕಾಗುವುದು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರುವೆವು. ಪಡಿಯು ಒಂದು ಕಡೆ ಮಾತ್ರ ಆಧಾರವನ್ನು ಪಡೆದು, ಉಳಿದ ಭಾರವನ್ನೆಲ್ಲ ಗಾಳಿಯಲ್ಲಿ ಚಾಚಿ ನಿಂತಿರುವ ವಸ್ತು. ಅದರ ತೂಕವು 24 ಕಿಲೋ, ಅಗಲವು ಮೂರು ಅಡಿ, ಎರಡು ಬಿಜಾಗ್ರಿಗಳ ನಡುವಿನ ಅಂತರವು ಮೂರು ಅಡಿಯೆಂದು ಭಾವಿಸೋಣ. ಆಗ ಮೇಲಿನ ಬಿಜಾಗ್ರಿಯನ್ನು ಕಂಬದಿಂದ ಕೀಳುವ ಎಳೆತವು 12 ಕಿಲೋ ಭಾರಕ್ಕೆ ಸಮ. ಬಿಜಾಗ್ರಿಗಳನ್ನು ಒಂದೇ ಅಡಿಯ ಅಂತರದಲ್ಲಿ ಹೊಡೆದರೆ ಅದು 36 ಕಿಲೋ ಆಗುವುದು. ಪಡಿಯ ಅಗಲವನ್ನು ಆರು ಅಡಿಗೆ ಏರಿಸಿದರೆ ತೂಕವೂ ಇಮ್ಮಡಿ, ಚಾಚುವಿಕೆಯೂ ಇಮ್ಮಡಿ. ಬಿಜಾಗ್ರಿಗಳು ಮೂರು ಅಡಿಯ ಅಂತರದಲ್ಲಿಯೇ ಇದ್ದರೂ ಎಳೆತವು ನಾಲ್ಮಡಿಯಾಗಿ 48 ಕಿಲೋ. ಕಾರು ಹೋಗುವ ಹತ್ತು ಅಡಿಯ ದಾರಿಗೆ ಒಂದೇ ಪಡಿಯ ಬದಲು ಎರಡನ್ನು ಮಾಡಿಸಬೇಕೆನ್ನುವುದು ಇದರಿಂದಲೇ. ಬಿಜಾಗ್ರಿಗಳನ್ನು ಆದಷ್ಟು ಮೇಲೆ ಮತ್ತು ಆದಷ್ಟು ಕೆಳಗೆ ಇಡಬೇಕೆಂಬುದೂ ಇದೇ ಲೆಕ್ಕದಿಂದ ಹುಟ್ಟಿದ ಮಾತು.

ಬಿಜಾಗ್ರಿ ಗಟ್ಟಿಯಾಗಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಾಲ್ಕು ಪಟ್ಟಿಗಳ ಚೌಕಟ್ಟು ಎಷ್ಟು ಬಿಗಿಯಾಗಿದ್ದರೂ ಕಾಲಕ್ರಮದಲ್ಲಿ ಮೂಲೆ ಸಡಿಲಿ ಓರೆಯಾಗುವುದು. ಮೂರು ಪಟ್ಟಿಗಳ ತ್ರಿಕೋಣವು ಒಂದು ಪಟ್ಟಿ ಮುರಿಯದೆ ಓರೆಯಾಗಲಾರದು. ಓರೆಪಟ್ಟಿಯನ್ನು ಹಾಕುವುದು ಚೌಕವನ್ನು ಎರಡು ತ್ರಿಕೋಣಗಳಾಗಿ ಒಡೆಯುವುದಕ್ಕಾಗಿ. ನಮ್ಮ ಮೊದಲ ಪಡಿಯಲ್ಲಿಯೂ ಓರೆಪಟ್ಟಿಯಿತ್ತು. ಆದರೆ ಅದನ್ನು ಬಿಜಾಗ್ರಿಯ ಕಡೆಯ ಮೇಲಿನ ಮೂಲೆಯಿಂದ ಚಿಲಕದ ಕಡೆಯ ಕೆಳಗಿನ ಮೂಲೆಗೆ ಇಳಿಸಿದ್ದೆವು. ನೋಟಕ್ಕೆ ಅದು ಭಾರವನ್ನು ಮೇಲಿನಿಂದ ಹಿಡಿದೆತ್ತಿದಂತೆ ತೋರುತ್ತಿತ್ತು. ಆಚಾರಿಯವರು ಕೈಯಿಟ್ಟು ತೋರಿಸಿದ ತಪ್ಪು ಅದೇ. ಹಾಗೆ ಹಾಕಿದ ಪಟ್ಟಿಯ ಮೇಲೆ ಬೀಳುವುದು ಎಳೆತ. ತುದಿಯ ಎರಡು ಮೊಳೆಗಳಷ್ಟೇ ಅದನ್ನು ತಡೆಯಬೇಕು. ಮಳೆಗೆ ಮೆತ್ತಗಾದ ಮರದಲ್ಲಿ ಮೊಳೆ ಎಷ್ಟು ದಿನ ನಿಂತೀತು?

ಮರದ ಜೋಡಣೆಗೆ ಬಲವಿರುವುದು ಒತ್ತಡವನ್ನು ತಾಳುವುದರಲ್ಲಿ. ಆದುದರಿಂದ ಓರೆಪಟ್ಟಿಯ ಬುಡವು ಬಿಜಾಗ್ರಿಯ ಕಡೆಯ ಕೆಳಗಿನ ಮೂಲೆಯಲ್ಲಿರಬೇಕು. ತಲೆಯು ಚಿಲಕದ ಕಡೆಯ ಮೇಲಿನ ಮೂಲೆಯಲ್ಲಿರಬೇಕು. ಮಾಡಿನ ಸೂರಿಗೆ ಗೋಡೆಯಿಂದ ಕೊಟ್ಟ ಊರೆಯಂತೆ ಅದು ಚಾಚಿದ ಭಾರವನ್ನು ಕೆಳಗಿನಿಂದ ಎತ್ತಿ ಹಿಡಿದು, ಕಂಬದ ಬುಡಕ್ಕೆ ಇಳಿಸುವುದು. ಎರಡು ತುದಿಗಳನ್ನೂ ಅಡ್ಡಪಟ್ಟಿಗಳಲ್ಲಿ ಕಚ್ಚು ತೆಗೆದು ಕೂರಿಸಿದರೆ ಮೊಳೆಗೆ ಕೆಲಸವೇ ಇಲ್ಲ. ಮರವು ಮರವನ್ನು ಒತ್ತಿ ನಿಲ್ಲುವುದು. ತಂತಿಯನ್ನೋ ಕಬ್ಬಿಣದ ಸರಳನ್ನೋ ಬಳಸುವವರು ಮಾತ್ರ ನಮ್ಮ ಮೊದಲ ಪಡಿಯಂತೆ ಮೇಲಿನಿಂದ ಕೆಳಗೆ ಎಳೆಯಬೇಕು. ತಂತಿಯು ಎಳೆತವನ್ನು ತಾಳುವುದು, ಒತ್ತಡಕ್ಕೆ ಬಾಗುವುದು.

ಚೌಕಟ್ಟು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಸುಲಭ. ನಾವು ಹೇಳಿದ ಮೂರಡಿ ಅಗಲ ನಾಲ್ಕಡಿ ಎತ್ತರದ ಪಡಿಯಲ್ಲಿ, ಮೂಲೆಯಿಂದ ಮೂಲೆಗೆ ಹಿಡಿದ ಅಳತೆಯು ಸರಿಯಾಗಿ ಐದು ಅಡಿ ಬರಬೇಕು. ಎರಡು ಕರ್ಣಗಳೂ ಸಮನಾಗಿರಬೇಕು. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೊರೆದು, ನಿಲುವುಪಟ್ಟಿಯ ತೂತಿನಲ್ಲಿ ಕೂರಿಸಿ, ಮರದ ಮೊಳೆಯಿಂದ ಬಿಗಿಯಬೇಕು. ಪ್ರತಿಯೊಂದು ಅಡ್ಡಪಟ್ಟಿಯ ಮೇಲಂಚನ್ನೂ ಕಂಬದ ತಲೆಯನ್ನೂ ಇಳಿಜಾರಾಗಿ ಕೆತ್ತಬೇಕು. ನೀರು ಬಿದ್ದ ಕ್ಷಣವೇ ಜಾರಬೇಕೇ ಹೊರತು ನಿಲ್ಲಕೂಡದು. ಕೆಳಗಿನ ಸಂದುಗಳಲ್ಲಿ ನೀರು ಹೊರಬೀಳಲು ಸಣ್ಣದೊಂದು ತೂತು ಇರಲಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿದ ಪಾರಂಪರಿಕ ಗ್ರಾಮವನ್ನು ನೋಡಿದವರು ಕುಂಜೂರಿನ ಚೌಕಿಮನೆಯ ಮರಗೆಲಸವನ್ನು ಮೆಚ್ಚಿರಬಹುದು. ಅಂಥ ಮರಗಳು ಉಳಿದು ಬಂದುದು ಕೇವಲ ಜಾತಿಯ ಗುಣದಿಂದಲ್ಲ. ಅಗಲವಾದ ಸೂರು ಅವುಗಳನ್ನು ನೀರಿನಿಂದ ಕಾಪಾಡಿತು. ಸೂರಿಲ್ಲದ ಪಡಿಗೆ ಈ ಸಣ್ಣ ಇಳಿಜಾರುಗಳೇ ಸೂರು.

ಬಣ್ಣಕ್ಕಿಂತ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ನಾವು ಮೆಚ್ಚುವೆವು. ಕಾರ್ಕಳದ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗಳಿರುವುದರಿಂದ ಅದು ದುರ್ಲಭವಲ್ಲ; ದೋಣಿಯ ಮರಕ್ಕೆ ಅದನ್ನು ಬಳಿಯುವ ವಾಡಿಕೆಯೂ ಕರಾವಳಿಯಲ್ಲಿ ಹಳೆಯದು. ಗೆದ್ದಲೂ ಹುಳವೂ ಅದಕ್ಕೆ ಹೆದರುವುವು. ಆದರೆ ಮೈಗೆ ತಗುಲಿದರೆ ಚರ್ಮವು ಸುಟ್ಟಂತೆ ಬೊಬ್ಬೆಯೇಳುವುದು. ಕೈಗವಸಿಲ್ಲದೆ ಮುಟ್ಟಕೂಡದು, ಮಕ್ಕಳನ್ನು ಸಮೀಪಕ್ಕೆ ಬಿಡಕೂಡದು, ಚೆನ್ನಾಗಿ ಒಣಗುವವರೆಗೆ ಪಡಿಯನ್ನು ನಿಲ್ಲಿಸಕೂಡದು. ಕಂಬದ ಹೂಳುವ ಭಾಗಕ್ಕೂ ಕೊಯ್ದ ತುದಿಗಳಿಗೂ ಎರಡು ಮೂರು ಸಲ ಬಳಿಯಬೇಕು. ಮರವು ನೀರನ್ನು ಹೆಚ್ಚಾಗಿ ಕುಡಿಯುವುದು ತುದಿಯಿಂದ. ಲೋಹದ ವಿಷಯದಲ್ಲಿ, ಕಾಪುವಿನ ದೀಪಸ್ತಂಭವು ಕಾಣುವಷ್ಟು ಸಮೀಪದಲ್ಲಿ ಮನೆಯಿರುವವರು ಸಾದಾ ಕಬ್ಬಿಣದ ಮೊಳೆಯನ್ನೂ ಬಿಜಾಗ್ರಿಯನ್ನೂ ನಂಬದಿರುವುದು ಒಳ್ಳೆಯದು. ಉಪ್ಪಿನ ಗಾಳಿಗೆ ಅವು ಬೇಗ ತುಕ್ಕು ಹಿಡಿಯುವುವು. ಹಿತ್ತಾಳೆಯೋ ತುಕ್ಕು ಹಿಡಿಯದ ಉಕ್ಕೋ ದುಬಾರಿಯಾದರೂ ಮತ್ತೆ ಮತ್ತೆ ಕೊಳ್ಳಬೇಕಾಗಿಲ್ಲ.

ಕೊನೆಯದಾಗಿ ಒಂದು ಉಪಾಯ. ಪಡಿಯನ್ನು ತೂಗುಹಾಕುವಾಗ ಮೇಲಿನ ತಿರುಗಣಿಯನ್ನು ಕೆಳಗಿನದಕ್ಕಿಂತ ಅರ್ಧ ಅಂಗುಲ ಎದುರಿನ ಕಂಬದ ಕಡೆಗೆ ಸರಿಸಿ ನಿಲ್ಲಿಸಿದರೆ, ತೆರೆದು ಬಿಟ್ಟ ಪಡಿಯು ತನ್ನ ಭಾರದಿಂದಲೇ ಮೆಲ್ಲನೆ ಬಂದು ಮುಚ್ಚಿಕೊಳ್ಳುವುದು. ಚಿಲಕದ ಕೊಂಡಿಯ ಮುಂದಿನ ಅಂಚನ್ನು ಓರೆ ಮಾಡಿದರೆ ಅದು ತಾನೇ ಏರಿ ಬೀಳುವುದು. ಮರೆತು ಹೋದವನ ಹಿಂದೆಯೂ ಬಾಗಿಲು ಮುಚ್ಚಿರುವುದು. ಮನೆಯವರ ನೆನಪನ್ನು ನಂಬಿ ನೆರೆಯವರ ಗದ್ದೆಯನ್ನು ಕಾಯುವುದು ಸಾಧ್ಯವಿಲ್ಲವೆಂಬುದನ್ನು ನಾವು ನೇಜಿ ತೆತ್ತು ಕಲಿತೆವು.

ನಮ್ಮ ಎರಡನೆಯ ಪಡಿಯು ಈ ಕ್ರಮದಲ್ಲಿ ನಿಂತು ಈಗ ಆರು ಮಳೆಗಾಲಗಳು ಕಳೆದಿವೆ. ಹಳೆಯ ಹಲಗೆಗಳನ್ನೇ ಬಳಸಿದೆವು. ಓರೆಪಟ್ಟಿ, ಕಂಬ, ಬಿಜಾಗ್ರಿ ಇಷ್ಟೇ ಹೊಸತು. ನೋಟಕ್ಕೆ ಅದು ಮೊದಲಿನಷ್ಟು ಚೆಲುವಲ್ಲ, ಎಣ್ಣೆಯ ಕಪ್ಪು ಅದಕ್ಕೆ ಹತ್ತಿದೆ. ಅದನ್ನು ನಿಲ್ಲಿಸಿದ ವರ್ಷ ನೆರೆಯವರು ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ಒಂದು ಸಲ ತೆರೆದು ಬಿಟ್ಟು, ಅದು ತಾನಾಗಿ ಬಂದು ಕೊಂಡಿ ಬೀಳುವವರೆಗೆ ನೋಡಿದರು. ಆಮೇಲೆ ಮತ್ತೆ ತೆರೆದು ಒಳಗೆ ಬಂದು ನಮ್ಮ ಜಗಲಿಯಲ್ಲಿ ಕುಳಿತರು. ನೇಜಿಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ವಾಚಕರು ಇಂದು ಸಂಜೆ ತಮ್ಮ ಪಡಿಯ ಎದುರು ನಿಂತು ಎರಡೇ ವಿಷಯಗಳನ್ನು ನೋಡಲಿ: ಓರೆಪಟ್ಟಿಯ ಬುಡವು ಯಾವ ಮೂಲೆಯಲ್ಲಿದೆ, ಮತ್ತು ಕಂಬದ ನೆಲಮಟ್ಟಕ್ಕೆ ಚೂರಿಯ ಮೊನೆ ಎಷ್ಟು ಆಳ ಇಳಿಯುವುದು. ಮೂಲೆ ತಪ್ಪಿದ್ದರೆ ಅರ್ಧ ದಿನದ ಕೆಲಸ; ಮೊನೆ ಅಂಗುಲದಷ್ಟು ಇಳಿದರೆ ಹೊಸ ಕಂಬ. ಯಾವುದಾದರೂ ಪತ್ತನಾಜೆಯೊಳಗೆ ಆಗಲಿ. ಮಳೆ ಹಿಡಿದ ಮೇಲೆ ಆಚಾರಿಯೂ ಸಿಗುವುದಿಲ್ಲ, ಒಣ ಮರವೂ ಸಿಗುವುದಿಲ್ಲ.